ಹಿಮದಂಗಣದ ಪೆಟ್ಟು, ಕಚೇರಿಯ ತೀರ್ಪು



ಕ್ರೀಡೆ ಮತ್ತು ಕಾನೂನು ಎಂದಾಗ ನಾನು ಕ್ರಿಕೆಟ್ಟಿನ ಬೆಟ್ಟಿಂಗನ್ನೋ ಉದ್ದೀಪನ ಮದ್ದನ್ನೋ ಕುರಿತು ಮಾತಾಡುತ್ತೇನೆಂದು ನಿಮ್ಮಲ್ಲಿ ಹಲವರು ಎಣಿಸಿರಬಹುದು. ಆದರೆ ಈ ಸಭಾಂಗಣದಲ್ಲಿರುವ ಬಹುತೇಕರು ಕಣ್ಣಾರೆ ಕಂಡಿರದ ಒಂದು ಆಟವನ್ನು ಆರಿಸಿಕೊಂಡಿದ್ದೇನೆ. ಸಾವಿರಾರು ಜನರೆದುರು, ಹತ್ತಾರು ಕ್ಯಾಮೆರಾಗಳ ಮುಂದೆ ಒಬ್ಬ ಇನ್ನೊಬ್ಬನ ತಲೆ ಒಡೆದರೆ ಅವನನ್ನು ವಿಚಾರಿಸಬೇಕಾದವರು ಯಾರು? ರೆಫರಿಯೋ, ಲೀಗಿನ ಕಚೇರಿಯೋ, ಪೊಲೀಸರೋ, ಅಥವಾ ಪೆಟ್ಟು ತಿಂದವನ ಜೊತೆಗಾರರೋ? ಉತ್ತರ ಅಮೆರಿಕದ ವೃತ್ತಿಪರ ಐಸ್ ಹಾಕಿ ನೂರು ವರ್ಷಗಳಿಂದ ಈ ನಾಲ್ಕು ಬಾಗಿಲುಗಳ ನಡುವೆ ಓಡಾಡುತ್ತಲೇ ಇದೆ. ಕೊನೆಯ ಬಾಗಿಲನ್ನು ಲೀಗು ಎಂದೂ ಸರಿಯಾಗಿ ಮುಚ್ಚಲಿಲ್ಲ, ಅದಕ್ಕೇ ಉಳಿದ ಮೂರರಿಂದ ಬರುವ ನ್ಯಾಯ ಅರೆಬರೆಯಾಗಿದೆ ಎಂಬುದು ನನ್ನ ವಾದ.

ಆಟ ಗೊತ್ತಿಲ್ಲದವರಿಗಾಗಿ ನಾಲ್ಕು ಮಾತು. ನ್ಯಾಷನಲ್ ಹಾಕಿ ಲೀಗ್, ಅಂದರೆ ಎನ್‌ಎಚ್‌ಎಲ್‌ನಲ್ಲಿ ಅಮೆರಿಕ ಮತ್ತು ಕೆನಡಾದ 32 ತಂಡಗಳಿವೆ. ಗೋಲಿಯೂ ಸೇರಿ ಒಂದೊಂದು ಕಡೆಗೆ ಆರು ಜನ, ಕಾಲಿಗೆ ಸ್ಕೇಟು, ಕೈಯಲ್ಲಿ ಕೋಲು, ಚೆಂಡಿನ ಬದಲು ಪಕ್ ಎಂಬ ಗಟ್ಟಿ ರಬ್ಬರ್ ಬಿಲ್ಲೆ. ಹಾಕಿ ಎಂದೊಡನೆ ನಮಗೆ ಕೊಡಗು ನೆನಪಾಗುತ್ತದೆ. ಅಲ್ಲಿನ ಮೈದಾನದಲ್ಲಿ ಎದುರಾಳಿಯನ್ನು ಭುಜದಿಂದ ಗುದ್ದಿ ಕೆಡವಿದರೆ ಅಂಪೈರ್ ಕೈ ಜೇಬಿನ ಕಾರ್ಡಿನತ್ತ ಹೋಗುತ್ತದೆ. ಐಸ್ ಹಾಕಿಯಲ್ಲಿ ಪಕ್ ಇರುವವನನ್ನು ಮೈಯಿಂದ ಗುದ್ದಿ ಹಲಗೆಗೋಡೆಗೆ ಒತ್ತುವುದು ಕಲಿಸಿಕೊಡುವ ವಿದ್ಯೆ. ಅದಕ್ಕೆ ಬಾಡಿ ಚೆಕ್ ಎನ್ನುತ್ತಾರೆ. ತಪ್ಪು ಮಾಡಿದವನು ಎರಡು ನಿಮಿಷವೋ ಐದು ನಿಮಿಷವೋ ಪೆನಾಲ್ಟಿ ಬಾಕ್ಸಿನಲ್ಲಿ ಕೂರಬೇಕು. ಕೈಗವಸು ಕಳಚಿ ಮುಷ್ಟಿಯುದ್ಧಕ್ಕಿಳಿದ ಇಬ್ಬರಿಗೂ ಸಾಮಾನ್ಯವಾಗಿ ಸಿಗುವುದು ಐದೇ ನಿಮಿಷ. ಮುಗಿದ ಮೇಲೆ ಇಬ್ಬರೂ ಮತ್ತೆ ಆಟಕ್ಕೆ. ಬೇರೆ ಯಾವ ದೊಡ್ಡ ತಂಡದಾಟದಲ್ಲೂ ಹೊಡೆದಾಟಕ್ಕೆ ಹೀಗೆ ದರಪಟ್ಟಿ ಇಲ್ಲ.

ಅಂಗಣದ ಶಿಕ್ಷೆಯ ಆಚೆಗೆ ಕಚೇರಿಯ ಶಿಕ್ಷೆ ಇದೆ, ಅಂದರೆ ಅಮಾನತು ಮತ್ತು ದಂಡ. ಕಚೇರಿಗೆ ಬಲವಿಲ್ಲ ಎಂದು ಹೇಳುವವರು 1955ರ ಮಾಂಟ್ರಿಯಲನ್ನು ನೆನಪಿಸಿಕೊಳ್ಳಬೇಕು. ಆ ವರ್ಷ ಮಾರ್ಚ್ 13ರಂದು ಬಾಸ್ಟನ್ನಿನಲ್ಲಿ ಎದುರಾಳಿ ಹ್ಯಾಲ್ ಲೇಕೋನ ಕೋಲು ತಗುಲಿ ಮಾಂಟ್ರಿಯಲ್ ಕೆನೇಡಿಯನ್ಸ್ ತಂಡದ ಮೊರಿಸ್ ರಿಷಾರ್‌ನ ತಲೆಯಿಂದ ರಕ್ತ ಬಂತು. ರಿಷಾರ್ ಕೋಲೆತ್ತಿ ಅವನನ್ನು ಬಡಿದ. ತಡೆಯಲು ಬಂದ ಲೈನ್ಸ್‌ಮನ್ ಕ್ಲಿಫ್ ಥಾಮ್ಸನ್‌ಗೂ ಗುದ್ದಿದ. ಲೀಗಿನ ಅಧ್ಯಕ್ಷರು ಕ್ಲಾರೆನ್ಸ್ ಕ್ಯಾಂಬೆಲ್. ಅವರು ವಕೀಲರು, ಹಿಂದೆ ರೆಫರಿಯಾಗಿದ್ದವರು, ಎರಡನೆಯ ಮಹಾಯುದ್ಧದ ನಂತರ ಜರ್ಮನ್ ಯುದ್ಧಾಪರಾಧಗಳ ವಿಚಾರಣೆಯಲ್ಲಿ ಕೆನಡಾದ ಪರ ದುಡಿದವರು. ಮೂರೇ ದಿನದಲ್ಲಿ ವಿಚಾರಣೆ ಮುಗಿಸಿ, ಉಳಿದ ಲೀಗ್ ಪಂದ್ಯಗಳಿಗೂ ಇಡೀ ಪ್ಲೇಆಫ್‌ಗೂ ರಿಷಾರ್‌ನನ್ನು ಹೊರಗಿಟ್ಟರು.

ಫ್ರೆಂಚ್ ಮಾತಾಡುವ ಕ್ವಿಬೆಕ್ಕಿಗೆ ರಿಷಾರ್ ಬರೀ ಆಟಗಾರನಾಗಿರಲಿಲ್ಲ. ಇಂಗ್ಲಿಷ್ ಮಾತಾಡುವ ಯಜಮಾನಿಕೆ ತಮ್ಮವನನ್ನು ತುಳಿಯಿತು ಎಂದು ಜನ ಭಾವಿಸಿದರು. ಭಾಷೆಯ ಸಿಟ್ಟು ಎಂಥದೆಂದು ಕನ್ನಡಿಗರಿಗೆ ವಿವರಿಸಬೇಕಿಲ್ಲ. ಮಾರ್ಚ್ 17ರಂದು ಕ್ಯಾಂಬೆಲ್ ಎಚ್ಚರಿಕೆಗಳನ್ನು ಲೆಕ್ಕಿಸದೆ ಮಾಂಟ್ರಿಯಲ್ ಫೋರಂಗೆ ಹೋಗಿ ತಮ್ಮ ಜಾಗದಲ್ಲಿ ಕುಳಿತರು. ಮೊಟ್ಟೆ, ಟೊಮ್ಯಾಟೊ ಹಾರಿ ಬಂದವು. ಆಮೇಲೆ ಅಶ್ರುವಾಯು ಸಿಡಿಯಿತು. 4-1ರಿಂದ ಮುಂದಿದ್ದ ಡೆಟ್ರಾಯಿಟ್ ತಂಡಕ್ಕೆ ಪಂದ್ಯವನ್ನು ಬಿಟ್ಟುಕೊಡಲಾಯಿತು. ಬೀದಿಯಲ್ಲಿ ರಾತ್ರಿಯಿಡೀ ಗಲಭೆ. ಮರುದಿನ ರಿಷಾರ್ ತಾನೇ ರೇಡಿಯೋದಲ್ಲಿ ಮಾತಾಡಿ ಜನರನ್ನು ಸಮಾಧಾನಪಡಿಸಬೇಕಾಯಿತು. ಅಲ್ಲಿಗೆ ಹೋಗಿ ಕೂರುವ ಹಟ ಕ್ಯಾಂಬೆಲ್ಲರಿಗೆ ಬೇಕಿರಲಿಲ್ಲ ಎಂದೇ ನನ್ನ ಅನಿಸಿಕೆ. ಆದರೆ ತೀರ್ಪಿನ ಬಗ್ಗೆ ನನಗೆ ತಕರಾರಿಲ್ಲ. ಲೀಗಿನ ಅತಿ ದೊಡ್ಡ ತಾರೆಯನ್ನು ಅತಿ ಮುಖ್ಯ ಪಂದ್ಯಗಳಿಂದ ದೂರವಿಡುವ ಎದೆಗಾರಿಕೆ ಆ ಕಚೇರಿಗೆ ಒಂದು ಕಾಲಕ್ಕೆ ಇತ್ತು.

ಆದರೂ ಹೊಡೆದವನನ್ನು ನೋಡಿಕೊಳ್ಳುವ ಕೆಲಸ ಬಹುಪಾಲು ಆಟಗಾರರ ಕೈಯಲ್ಲೇ ಉಳಿಯಿತು. ಇದಕ್ಕೆ ಅವರು ‘ಕೋಡ್’ ಎನ್ನುತ್ತಾರೆ. ಎಲ್ಲೂ ಬರೆದಿಲ್ಲ, ಎಲ್ಲರಿಗೂ ಬಾಯಿಪಾಠ. ನಮ್ಮ ಮುಖ್ಯ ಆಟಗಾರನನ್ನು ಮುಟ್ಟಿದರೆ ನಮ್ಮ ಕಡೆಯ ಬಲಶಾಲಿ ಬಂದು ನಿನಗೆ ಲೆಕ್ಕ ಚುಕ್ತಾ ಮಾಡುತ್ತಾನೆ. ಆ ಬಲಶಾಲಿಗೆ ಎನ್‌ಫೋರ್ಸರ್ ಎಂದು ಹೆಸರು. ಈ ವ್ಯವಸ್ಥೆಯ ಪರವಾದ ವಾದವನ್ನು ತಳ್ಳಿಹಾಕಬಾರದು. ವೇಯ್ನ್ ಗ್ರೆಟ್ಸ್ಕಿಯಂಥ ಸಣ್ಣ ಮೈಕಟ್ಟಿನ ಪ್ರತಿಭಾವಂತ ಎಡ್ಮಂಟನ್ನಿನಲ್ಲಿ ನಿರ್ಭಯವಾಗಿ ಆಡಿದ್ದು ಡೇವ್ ಸೆಮೆಂಕೋ, ಮಾರ್ಟಿ ಮೆಕ್‌ಸಾರ್ಲಿಯಂಥವರು ಬೆನ್ನಿಗಿದ್ದರಿಂದ ಎಂದು ಬಲ್ಲವರು ಹೇಳುತ್ತಾರೆ. 1988ರಲ್ಲಿ ಗ್ರೆಟ್ಸ್ಕಿಯನ್ನು ಲಾಸ್ ಏಂಜಲೀಸ್‌ಗೆ ಮಾರಿದಾಗ ಮೆಕ್‌ಸಾರ್ಲಿಯೂ ಜೊತೆಗೇ ಹೋದ. ರೆಫರಿ ನೋಡದ್ದನ್ನು ಎನ್‌ಫೋರ್ಸರ್ ನೋಡುತ್ತಾನೆ, ಆದ್ದರಿಂದ ಕಳ್ಳಪೆಟ್ಟು ಕಡಿಮೆಯಾಗುತ್ತದೆ ಎಂಬುದು ಅವರ ತರ್ಕ.

ಬೇಲಿಯೇ ಎದ್ದು ಹೊಲ ಮೇಯ್ದರೆ? 2000ದ ಫೆಬ್ರವರಿ 21ರಂದು ಅದೇ ಮೆಕ್‌ಸಾರ್ಲಿ, ಆಗ ಬಾಸ್ಟನ್ ತಂಡದಲ್ಲಿದ್ದವನು, ವ್ಯಾಂಕೂವರಿನಲ್ಲಿ ಪಂದ್ಯ ಮುಗಿಯಲು ಮೂರು ಸೆಕೆಂಡಷ್ಟೇ ಉಳಿದಿರುವಾಗ ಎರಡೂ ಕೈಯಿಂದ ಕೋಲು ಬೀಸಿ ಡೊನಾಲ್ಡ್ ಬ್ರಾಶಿಯರ್‌ನ ಕಪಾಲಕ್ಕೆ ಹೊಡೆದ. ಬ್ರಾಶಿಯರ್ ಹಿಂದಕ್ಕೆ ಬಿದ್ದು ತಲೆ ಹಿಮಕ್ಕೆ ಬಡಿದು ಫಿಟ್ಸ್ ಬಂತು. ಅವನೂ ಎನ್‌ಫೋರ್ಸರನೇ. ಅದೇ ಪಂದ್ಯದಲ್ಲಿ ಮೊದಲೇ ಇಬ್ಬರೂ ಕೈ ಮಿಲಾಯಿಸಿದ್ದರು, ಮತ್ತೆ ಕರೆದರೆ ಬ್ರಾಶಿಯರ್ ಒಪ್ಪಿರಲಿಲ್ಲ. ಲೀಗು ಮೆಕ್‌ಸಾರ್ಲಿಯನ್ನು ಉಳಿದ 23 ಪಂದ್ಯಗಳಿಗೆ ಹೊರಗಿಟ್ಟು, ಆಮೇಲೆ ಅದನ್ನು ಪೂರ್ತಿ ಒಂದು ವರ್ಷಕ್ಕೆ ಬೆಳೆಸಿತು. ಅವನು ಮತ್ತೆ ಎನ್‌ಎಚ್‌ಎಲ್‌ನಲ್ಲಿ ಆಡಲಿಲ್ಲ. ಬ್ರಿಟಿಷ್ ಕೊಲಂಬಿಯಾದ ನ್ಯಾಯಾಧೀಶ ವಿಲಿಯಂ ಕಿಚನ್, ಹೊಡೆತ ತಲೆಗೇ ಗುರಿಯಿಟ್ಟದ್ದೆಂದು ಕಂಡುಕೊಂಡು, ಆಯುಧದಿಂದ ಹಲ್ಲೆ ಮಾಡಿದ ಅಪರಾಧ ಸಾಬೀತಾಗಿದೆ ಎಂದರು. ಕೊಟ್ಟ ಶಿಕ್ಷೆ ಮಾತ್ರ 18 ತಿಂಗಳ ಷರತ್ತಿನ ಬಿಡುಗಡೆ. ಆ ಅವಧಿಯಲ್ಲಿ ಬ್ರಾಶಿಯರ್ ಎದುರು ಆಡಬಾರದೆಂಬುದು ಮುಖ್ಯ ಷರತ್ತು.

ಕಾನೂನು ವಿದ್ಯಾರ್ಥಿಗಳು ಇಲ್ಲಿ ಕೇಳಬಹುದು: ಬೀದಿಯಲ್ಲಿ ಹೀಗೆ ಹೊಡೆದಿದ್ದರೆ? ಕೆನಡಾದ ನ್ಯಾಯಾಲಯಗಳು ಈ ಪ್ರಶ್ನೆಯ ಸುತ್ತ ಬಹಳ ಕಾಲದಿಂದ ಸುತ್ತುತ್ತಿವೆ. ಒಂಟಾರಿಯೊ ಪ್ರಾಂತದ ಮ್ಯಾಕ್ಸ್‌ವಿಲ್ ಎಂಬ ಊರಿನಲ್ಲಿ 1905ರಲ್ಲಿ ಆಲ್ಸೀಡ್ ಲೊರ‍್ಯಾಂ ಎಂಬ ಆಟಗಾರ ಕೋಲಿನ ಪೆಟ್ಟಿಗೆ ಸತ್ತ. ಹೊಡೆದ ಆಲನ್ ಲೋನಿ ನರಹತ್ಯೆಯ ಆರೋಪದಿಂದ ಖುಲಾಸೆಯಾದ. ಎರಡೇ ವರ್ಷದಲ್ಲಿ ಕಾರ್ನ್‌ವಾಲಿನಲ್ಲಿ ಓವೆನ್ ಮೆಕೋರ್ಟ್ ಸತ್ತ, ಚಾರ್ಲ್ಸ್ ಮ್ಯಾಸನ್ ಖುಲಾಸೆಯಾದ. ಯಾರ ಪೆಟ್ಟಿನಿಂದ ಸಾವು ಬಂತೆಂದು ಹೇಳಲಾಗದು ಎಂಬುದು ಆಗಿನ ಕಾರಣ. 1969ರಲ್ಲಿ ಟೆಡ್ ಗ್ರೀನ್ ಮತ್ತು ವೇಯ್ನ್ ಮಾಕಿ ಕೋಲಿನಿಂದ ಬಡಿದಾಡಿಕೊಂಡು ಗ್ರೀನ್‌ನ ತಲೆಬುರುಡೆ ಒಡೆಯಿತು. ಇಬ್ಬರ ಮೇಲೂ ಮೊಕದ್ದಮೆ ನಡೆಯಿತು, ಇಬ್ಬರೂ ಬಿಡುಗಡೆಯಾದರು. 1988ರಲ್ಲಿ ಅಂಥದೇ ಕೋಲಿನ ಪೆಟ್ಟಿಗಾಗಿ ಆಟಗಾರ ಡೀನೋ ಸಿಸರೆಲ್ಲಿಗೆ ಟೊರಾಂಟೊದಲ್ಲಿ ಒಂದು ದಿನದ ಜೈಲು, 1,000 ಡಾಲರ್ ದಂಡ.

ತೊಡಕಿರುವುದು ಸಮ್ಮತಿಯಲ್ಲಿ. ಅಂಗಣಕ್ಕಿಳಿದವನು ಗುದ್ದಿಸಿಕೊಳ್ಳಲು ಒಪ್ಪಿಯೇ ಇಳಿದಿರುತ್ತಾನೆ, ಎಷ್ಟರಮಟ್ಟಿಗೆ ಒಪ್ಪಿದ್ದಾನೆ ಎಂಬುದೇ ಪ್ರಶ್ನೆ. 1989ರ ಸೇ ಪ್ರಕರಣದಲ್ಲಿ ಸಸ್ಕ್ಯಾಚುವಾನಿನ ಮೇಲ್ಮನವಿ ನ್ಯಾಯಾಲಯ ಕೊಟ್ಟ ಅಳತೆಗೋಲು ನನಗೆ ಮೆಚ್ಚುಗೆ. ಆಟ ಯಾವ ಪರಿಸ್ಥಿತಿಯಲ್ಲಿ ನಡೆಯುತ್ತಿತ್ತು, ಕೃತ್ಯ ಎಂಥದು, ಬಲ ಎಷ್ಟು, ಅಪಾಯ ಎಷ್ಟು, ಹೊಡೆದವನ ಮನಸ್ಸಿನಲ್ಲಿ ಏನಿತ್ತು ಎಂದು ನೋಡಬೇಕು. ಎಲ್ಲ ಆಟಗಾರರೂ ಮಾಡುವುದೇ ಹೀಗೆ ಎಂದಮಾತ್ರಕ್ಕೆ ಸಮ್ಮತಿ ಹುಟ್ಟುವುದಿಲ್ಲ. 1991ರಲ್ಲಿ ಜೋಬಿಡಾನ್ ತೀರ್ಪಿನಲ್ಲಿ ಕೆನಡಾದ ಸುಪ್ರೀಂ ಕೋರ್ಟ್, ಗಂಭೀರ ಗಾಯದ ಉದ್ದೇಶದಿಂದ ನಡೆದ ಮುಷ್ಟಿಯುದ್ಧದಲ್ಲಿ ಸಮ್ಮತಿಯ ನೆಪ ನಿಲ್ಲದು ಎಂದಿತು. ಆದರೆ ಆ ಪ್ರಕರಣ ಹೋಟೆಲಿನ ಹೊರಗಿನ ಜಗಳದ್ದು, ಕ್ರೀಡೆಗೆ ಅದೇ ತೀರ್ಪು ಒಂದಿಷ್ಟು ಜಾಗ ಬಿಟ್ಟುಕೊಟ್ಟಿದೆ. ಆ ಜಾಗದಲ್ಲೇ ಎನ್‌ಎಚ್‌ಎಲ್ ನೆಲೆ ನಿಂತಿದೆ.

ಈಗ ನಾನು ತುಸು ಹೆಚ್ಚು ಹೊತ್ತು ನಿಲ್ಲಬೇಕೆಂದಿರುವ ಪ್ರಕರಣ. 2004ರ ಫೆಬ್ರವರಿ 16. ಕೊಲೊರಾಡೊ ತಂಡದ ಸ್ಟೀವ್ ಮೂರ್, ಪಕ್‌ನತ್ತ ಬಾಗಿದ್ದ ವ್ಯಾಂಕೂವರ್ ನಾಯಕ ಮಾರ್ಕಸ್ ನಾಸ್ಲುಂಡ್‌ನ ತಲೆಗೆ ಗುದ್ದಿದ. ನಾಸ್ಲುಂಡ್‌ಗೆ ಮಿದುಳಿನ ಆಘಾತವಾಗಿ ಮೂರು ಪಂದ್ಯ ತಪ್ಪಿತು. ರೆಫರಿ ಪೆನಾಲ್ಟಿ ಕೊಡಲಿಲ್ಲ, ಕಚೇರಿ ನಿಯಮಬದ್ಧವೆಂದು ಸುಮ್ಮನಾಯಿತು. ಮೂರ್‌ನ ತಲೆಗೆ ಬಹುಮಾನ ಕಟ್ಟಿದೆ ಎಂಬರ್ಥದ ಮಾತನ್ನು ವ್ಯಾಂಕೂವರಿನ ಬ್ರ್ಯಾಡ್ ಮೇ ಪತ್ರಕರ್ತರೆದುರೇ ಆಡಿದ. ಮಾರ್ಚ್ 8ರಂದು ವ್ಯಾಂಕೂವರಿನಲ್ಲಿ ಎರಡೂ ತಂಡ ಮತ್ತೆ ಎದುರಾದವು. ಮೊದಲ ಅವಧಿಯಲ್ಲೇ ವ್ಯಾಂಕೂವರಿನ ಮ್ಯಾಟ್ ಕುಕ್ ಎಂಬವನು ಮೂರ್‌ನನ್ನು ಹೊಡೆದಾಟಕ್ಕೆ ಕರೆದ, ಮೂರ್ ಒಪ್ಪಿ ಹೊಡೆದಾಡಿದ. ಕೋಡ್ ಪ್ರಕಾರ ಸಾಲ ಅಲ್ಲಿಗೆ ತೀರಬೇಕಿತ್ತು. ತೀರಲಿಲ್ಲ.

ಮೂರನೆಯ ಅವಧಿಯಲ್ಲಿ ಕೊಲೊರಾಡೊ 8-2ರಿಂದ ಮುಂದಿದ್ದಾಗ ವ್ಯಾಂಕೂವರಿನ ಟಾಡ್ ಬರ್ಟೂಜಿ ಮೂರ್‌ನ ಬೆನ್ನು ಹಿಡಿದು ಅಂಗಣದುದ್ದಕ್ಕೂ ಹಿಂಬಾಲಿಸಿದ. ಮೂರ್ ತಿರುಗಲಿಲ್ಲ. ಬರ್ಟೂಜಿ ಹಿಂದಿನಿಂದ ಅಂಗಿ ಜಗ್ಗಿ, ತಲೆಯ ಪಕ್ಕಕ್ಕೆ ಗುದ್ದಿ, ಮೇಲೇ ಬಿದ್ದ. ಉಳಿದವರೂ ಬಿದ್ದು ರಾಶಿಯಾದರು. ಮೂರ್‌ನ ಕುತ್ತಿಗೆಯ ಮೂರು ಕಶೇರುಗಳು ಬಿರುಕುಬಿಟ್ಟವು. ಹಾರ್ವರ್ಡಿನಲ್ಲಿ ಓದಿ ಬಂದು ಲೀಗಿನಲ್ಲಿ ಕಾಲೂರಲು ಹೆಣಗುತ್ತಿದ್ದ 25ರ ಹುಡುಗ. ಮತ್ತೆ ಎಂದೂ ಆಡಲಿಲ್ಲ.

ಬರ್ಟೂಜಿಗೆ ಸಿಕ್ಕಿದ್ದು ಅನಿರ್ದಿಷ್ಟ ಅಮಾನತು. ಕಾಗದದ ಮೇಲೆ ಅದು 17 ತಿಂಗಳು. ಆದರೆ ಆ ಅವಧಿಯಲ್ಲಿ ಮಾಲೀಕರ ಬೀಗಮುದ್ರೆಯಿಂದ ಒಂದು ಇಡೀ ಋತುವಿನ ಆಟವೇ ನಡೆಯಲಿಲ್ಲ. ಅವನು ನಿಜವಾಗಿ ಕಳೆದುಕೊಂಡದ್ದು 13 ಲೀಗ್ ಪಂದ್ಯ ಮತ್ತು ಏಳು ಪ್ಲೇಆಫ್ ಪಂದ್ಯ, ಸಂಬಳದಲ್ಲಿ ಐದು ಲಕ್ಷ ಡಾಲರಿಗೆ ತುಸು ಹೆಚ್ಚು. ತಂಡಕ್ಕೆ 2,50,000 ಡಾಲರ್ ದಂಡ ಬಿತ್ತು. ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡದ್ದಕ್ಕೆ ಷರತ್ತಿನ ಬಿಡುಗಡೆ, 80 ಗಂಟೆ ಸಮಾಜಸೇವೆ. 2006ರ ಟೂರಿನ್ ಒಲಿಂಪಿಕ್ಸಿಗೆ ಕೆನಡಾ ಅವನನ್ನು ಆರಿಸಿಕೊಂಡಿತು.

ಮೂರ್ ಹೂಡಿದ ಸಿವಿಲ್ ದಾವೆಯೇ ಇದರಲ್ಲಿ ಹೆಚ್ಚು ಪಾಠ ಹೇಳುವ ಭಾಗ. 2008ರಲ್ಲಿ ಬರ್ಟೂಜಿ ತನ್ನ ಆಗಿನ ಕೋಚ್ ಮಾರ್ಕ್ ಕ್ರಾಫರ್ಡ್‌ರನ್ನೂ ಅದರೊಳಗೆ ಎಳೆದ. ಮೂರ್ ಬೆಲೆ ತೆರಬೇಕೆಂಬ ಮಾತು ಡ್ರೆಸ್ಸಿಂಗ್ ರೂಮಿನಲ್ಲಿ ಬಂದಿತ್ತು ಎಂಬುದು ಆರೋಪ. ಆಮೇಲೆ ಅದನ್ನು ಕೈಬಿಟ್ಟ. 2014ರ ಸೆಪ್ಟೆಂಬರಿನಲ್ಲಿ ವಿಚಾರಣೆ ಶುರುವಾಗಬೇಕಿತ್ತು, ಅದಕ್ಕೆ ಮುಂಚೆಯೇ ಮೊತ್ತ ಗುಟ್ಟಾಗಿಟ್ಟು ರಾಜಿಯಾಯಿತು. ಯಾರು ಏನು ಹೇಳಿದ್ದರು ಎಂಬುದನ್ನು ಯಾವ ನ್ಯಾಯಾಲಯವೂ ಪರಿಶೀಲಿಸಲಿಲ್ಲ. ಕಚೇರಿ ಫೆಬ್ರವರಿಯ ಪೆಟ್ಟಿಗೆ ಎರಡು ಪಂದ್ಯದ ಅಮಾನತನ್ನಾದರೂ ಕೊಟ್ಟಿದ್ದರೆ ಮಾರ್ಚಿನ ಪೆಟ್ಟು ಬೀಳುತ್ತಿರಲಿಲ್ಲ ಎಂದು ಯಾರೂ ಪ್ರಮಾಣ ಮಾಡಿ ಹೇಳಲಾರರು. ಆದರೆ ಹೊಡೆಯಲು ಹೊರಟವರ ಕೈಯಿಂದ ‘ನಮಗೆ ನ್ಯಾಯ ಸಿಗಲಿಲ್ಲ’ ಎಂಬ ನೆಪ ಜಾರಿಹೋಗುತ್ತಿತ್ತು.

2011ರಲ್ಲಿ ಲೀಗು ‘ಆಟಗಾರರ ಸುರಕ್ಷತಾ ವಿಭಾಗ’ವನ್ನು ತೆರೆಯಿತು. ಮಾಜಿ ಆಟಗಾರ ಬ್ರೆಂಡನ್ ಶ್ಯಾನಹನ್ ಅದರ ಮೊದಲ ಮುಖ್ಯಸ್ಥ. ಪ್ರತಿ ಅಮಾನತಿಗೂ ವಿಡಿಯೋ ಮಾಡಿ, ಪೆಟ್ಟನ್ನು ನಿಧಾನಗತಿಯಲ್ಲಿ ತೋರಿಸಿ, ಕಾರಣ ಬಿಡಿಸಿ ಹೇಳುವ ಪದ್ಧತಿ ಅವನಿಂದ ಬಂತು. ಕಾರಣ ಕೊಡದ ತೀರ್ಪು ತೀರ್ಪೇ ಅಲ್ಲ ಎಂದು ನಂಬುವ ನನ್ನಂಥವರಿಗೆ ಇದು ದೊಡ್ಡ ಹೆಜ್ಜೆ. ಈಗಿನ ಪದ್ಧತಿಯಲ್ಲಿ ಐದು ಪಂದ್ಯದವರೆಗಿನ ಶಿಕ್ಷೆಗೆ ಫೋನಿನಲ್ಲೇ ವಿಚಾರಣೆ ಸಾಕು. ಆರು ಅಥವಾ ಹೆಚ್ಚಾದರೆ ಎದುರಿಗೆ ಕೂತು ಹೇಳಿಕೊಳ್ಳುವ ಅವಕಾಶ ಕೊಡಬೇಕು. ಮೇಲ್ಮನವಿ ಮೊದಲು ಲೀಗಿನ ಮುಖ್ಯಸ್ಥರಾದ ಕಮಿಷನರ್ ಬಳಿಗೆ, ದೊಡ್ಡ ಶಿಕ್ಷೆಯಾದರೆ ಅಲ್ಲಿಂದ ತಟಸ್ಥ ಮಧ್ಯಸ್ಥಗಾರರ ಬಳಿಗೆ.

ಮೇಲ್ನೋಟಕ್ಕೆ ಅಚ್ಚುಕಟ್ಟು. ಒಳಗೆ ಎರಡು ಬಿರುಕುಗಳಿವೆ. ವಿಭಾಗದವರಿಗೆ ಸಂಬಳ ಬರುವುದು ಕ್ಲಬ್ ಮಾಲೀಕರ ಲೀಗಿನಿಂದ. ಇನ್ನು ಆಟಗಾರರ ಸಂಘ ಮೇಲ್ಮನವಿಯಲ್ಲಿ ಹೊಡೆದವನ ಪರ ನಿಲ್ಲುತ್ತದೆ. ಹೊಡೆಸಿಕೊಂಡವನೂ ಅದೇ ಸಂಘದ ಸದಸ್ಯ, ಅವನ ಪರ ಆ ಕೋಣೆಯಲ್ಲಿ ಯಾರೂ ಇರುವುದಿಲ್ಲ. ಇನ್ನು ತಟಸ್ಥ ಮಧ್ಯಸ್ಥಿಕೆ ಹೇಗೆ ನಡೆಯಿತು ನೋಡಿ: 2016ರಲ್ಲಿ ಕ್ಯಾಲ್ಗರಿಯ ಡೆನ್ನಿಸ್ ವೈಡ್‌ಮನ್ ಲೈನ್ಸ್‌ಮನ್ ಡಾನ್ ಹೆಂಡರ್ಸನ್‌ರನ್ನು ಹಿಂದಿನಿಂದ ಕೆಡವಿದ. 20 ಪಂದ್ಯದ ಶಿಕ್ಷೆಯನ್ನು ಮಧ್ಯಸ್ಥಗಾರರು 10ಕ್ಕೆ ಇಳಿಸಿದರು. ಅಷ್ಟರಲ್ಲಿ ಅವನು 19 ಪಂದ್ಯ ಹೊರಗೆ ಕೂತಾಗಿತ್ತು. ಲೀಗು ಆ ಮಧ್ಯಸ್ಥಗಾರರನ್ನೇ ತೆಗೆದುಹಾಕಿತು. ಹೆಂಡರ್ಸನ್ ಮತ್ತೆ ಎನ್‌ಎಚ್‌ಎಲ್ ಅಂಗಣಕ್ಕೆ ಮರಳಲಿಲ್ಲ.

ಇನ್ನು ಹಣ. 2021ರ ಮೇ 3ರಂದು ವಾಷಿಂಗ್ಟನ್ನಿನ ಟಾಮ್ ವಿಲ್ಸನ್, ಹಿಂದೆ ಹಲವು ಬಾರಿ ಅಮಾನತಾಗಿದ್ದವನು, ನ್ಯೂಯಾರ್ಕ್ ರೇಂಜರ್ಸ್‌ನ ಇಬ್ಬರು ಆಟಗಾರರ ಮೇಲೆ ಎರಗಿದ. ಅವರಲ್ಲೊಬ್ಬನಾದ ಆರ್ಟೆಮಿ ಪನಾರಿನ್‌ನನ್ನು ಎತ್ತಿ ಹಿಮದ ಮೇಲೆ ಒಗೆದ. ಪನಾರಿನ್‌ಗೆ ಆ ಋತು ಅಲ್ಲಿಗೇ ಮುಗಿಯಿತು. ವಿಲ್ಸನ್‌ಗೆ ಅಮಾನತಿಲ್ಲ, 5,000 ಡಾಲರ್ ದಂಡ ಮಾತ್ರ. ಆಟಗಾರರ ಸಂಘದೊಂದಿಗಿನ ಒಪ್ಪಂದದ ಪ್ರಕಾರ ಅದಕ್ಕಿಂತ ಹೆಚ್ಚು ಹಾಕುವಂತಿಲ್ಲ ಎಂಬ ವಿವರಣೆ ಬೇರೆ. ವರ್ಷಕ್ಕೆ ಲಕ್ಷಾಂತರ ಡಾಲರ್ ಸಂಬಳದವನಿಗೆ ಇದು ಶಿಕ್ಷೆಯೋ ರಶೀದಿಯೋ? ರೇಂಜರ್ಸ್ ತಂಡ ಸಿಟ್ಟಿಗೆದ್ದು, ಸುರಕ್ಷತಾ ವಿಭಾಗದ ಮುಖ್ಯಸ್ಥ ಜಾರ್ಜ್ ಪ್ಯಾರೋಸ್ ಆ ಹುದ್ದೆಗೆ ಲಾಯಕ್ಕಲ್ಲ ಎಂದು ಹೇಳಿಕೆ ಹೊರಡಿಸಿತು. ಪ್ಯಾರೋಸ್ ಒಂದು ಕಾಲದ ಎನ್‌ಫೋರ್ಸರ್ ಎಂಬುದನ್ನು ಇಲ್ಲಿ ಹೇಳಬೇಕು. ಹೇಳಿಕೆಗಾಗಿ ರೇಂಜರ್ಸ್‌ಗೆ ಬಿದ್ದ ದಂಡ 2,50,000 ಡಾಲರ್. ಎರಗಿದ್ದಕ್ಕಿಂತ ಎರಗಿದವನನ್ನು ಬಿಟ್ಟದ್ದನ್ನು ಟೀಕಿಸಿದ್ದಕ್ಕೆ ಐವತ್ತು ಪಟ್ಟು. ಮೂರ್‌ನ ಕುತ್ತಿಗೆ ಮುರಿದ ರಾತ್ರಿಗಾಗಿ ವ್ಯಾಂಕೂವರ್ ತೆತ್ತದ್ದೂ ಇಷ್ಟೇ. ಮೇ 5ರಂದು ಎರಡೂ ತಂಡ ಮತ್ತೆ ಎದುರಾದಾಗ ಪಕ್ ಕೆಳಗೆ ಬಿದ್ದ ಒಂದು ಸೆಕೆಂಡಿಗೆ ಮೂರು ಜೋಡಿ ಆಟಗಾರರ ಕೈಗವಸು ಕಳಚಿಬಿದ್ದವು. ಮೊದಲ ಐದು ನಿಮಿಷದಲ್ಲಿ ಆರು ಹೊಡೆದಾಟ. ಕಚೇರಿ ಬಿಟ್ಟುಬಿಟ್ಟ ತೀರ್ಪನ್ನು ಆಟಗಾರರು ಎತ್ತಿಕೊಂಡರು, 2004ರಲ್ಲಿ ಮಾಡಿದ ಹಾಗೆಯೇ.

ಈ ಲೆಕ್ಕ ತೀರಿಸುವ ಕೆಲಸಗಾರರ ಗತಿಯೇನಾಯಿತು? ಎನ್‌ಫೋರ್ಸರ್ ಡೆರೆಕ್ ಬೂಗಾರ್ಡ್ 2011ರ ಮೇ ತಿಂಗಳಲ್ಲಿ ನೋವಿನ ಮಾತ್ರೆ ಮತ್ತು ಮದ್ಯ ಸೇರಿ 28ನೆಯ ವಯಸ್ಸಿಗೆ ತೀರಿಕೊಂಡ. ಪದೇ ಪದೇ ತಲೆಗೆ ಪೆಟ್ಟು ಬಿದ್ದವರಲ್ಲಿ ಕಾಣುವ ಸಿಟಿಇ ಎಂಬ ರೋಗ ಅವನ ಮಿದುಳಿನಲ್ಲಿತ್ತು. ತಲೆಪೆಟ್ಟುಗಳ ಬಗ್ಗೆ ಮಾಜಿ ಆಟಗಾರರು ಹೂಡಿದ ದಾವೆಯನ್ನು ಲೀಗು 2018ರಲ್ಲಿ 1.89 ಕೋಟಿ ಡಾಲರಿಗೆ ಮುಗಿಸಿಕೊಂಡಿತು, ಹೊಣೆ ಮಾತ್ರ ಒಪ್ಪಿಕೊಳ್ಳಲಿಲ್ಲ. ಗೋಲಿಯೂ ವಕೀಲರೂ ಆಗಿದ್ದ ಕೆನ್ ಡ್ರೈಡನ್ ಸ್ಟೀವ್ ಮಾಂಟಡಾರ್ ಎಂಬ ಆಟಗಾರನ ಸಾವಿನ ಮೇಲೆ ಪುಸ್ತಕವನ್ನೇ ಬರೆದು ಕೇಳಿದ್ದು ಒಂದೇ: ತಲೆಗೆ ತಗುಲಿದ ಪ್ರತಿ ಪೆಟ್ಟೂ ತಪ್ಪೇ ಎನ್ನಿ, ಬೇಕೆಂದೇ ಹೊಡೆದನೋ ಅಲ್ಲವೋ ಎಂಬ ಜಿಜ್ಞಾಸೆ ಬಿಡಿ. ಅಂತರರಾಷ್ಟ್ರೀಯ ಪಂದ್ಯಗಳ ನಿಯಮ ಹೆಚ್ಚುಕಡಿಮೆ ಹಾಗೆಯೇ ಇದೆ. ಎನ್‌ಎಚ್‌ಎಲ್ ನಿಯಮದಲ್ಲಿ ಈಗಲೂ ‘ತಪ್ಪಿಸಬಹುದಾಗಿತ್ತೆ’ ಎಂಬ ಪ್ರಶ್ನೆ ಉಳಿದಿದೆ. ಜೊತೆಗೆ, ಶಿಕ್ಷೆ ಎಷ್ಟೆಂದು ನಿರ್ಧರಿಸುವಾಗ ಗಾಯವಾಯಿತೆ ಎಂಬುದನ್ನೂ ಅಲ್ಲಿ ನೋಡುತ್ತಾರೆ. ಅಂದರೆ ಒಂದೇ ಪೆಟ್ಟಿಗೆ, ತಿಂದವನು ಎದ್ದರೆ ಒಂದು ಬೆಲೆ, ಏಳದಿದ್ದರೆ ಇನ್ನೊಂದು. ಇದನ್ನು ಮೊದಲು ಕಿತ್ತುಹಾಕಬೇಕೆಂಬುದು ನನ್ನ ಅಭಿಪ್ರಾಯ.

ಹೊಡೆದಾಟ ಕಡಿಮೆಯಾಗಿದೆ ಎಂಬುದನ್ನೂ ಹೇಳಬೇಕು. ಕ್ವಿಬೆಕ್ಕಿನ ಕಿರಿಯರ ಪ್ರಮುಖ ಲೀಗು 2023ರಿಂದ ಹೊಡೆದಾಟವನ್ನೇ ನಿಷೇಧಿಸಿದೆ. ಶಿಕ್ಷೆಯಿಂದ ಆಟಗಾರನ ಸ್ವಭಾವ ಬದಲಾಗದು ಎನ್ನುವವರಿಗೆ ನಾನು ತೋರಿಸುವುದು ಮ್ಯಾಟ್ ಕುಕ್‌ನನ್ನು, 2004ರ ಆ ರಾತ್ರಿ ಮೂರ್‌ನನ್ನು ಮೊದಲು ಕರೆದವನನ್ನೇ. 2010ರ ಮಾರ್ಚ್ 7ರಂದು, ಆಗ ಪಿಟ್ಸ್‌ಬರ್ಗಿನಲ್ಲಿದ್ದ ಅವನು ಬಾಸ್ಟನ್ನಿನ ಮಾರ್ಕ್ ಸವಾರ್ಡ್‌ನ ತಲೆಗೆ ಕಣ್ಣಿಗೆ ಬೀಳದ ಕಡೆಯಿಂದ ಬಂದು ಗುದ್ದಿದ. ನಿಯಮವಿಲ್ಲ ಎಂದು ಕಚೇರಿ ಬಿಟ್ಟಿತು, ನಿಯಮ ಆಮೇಲೆ ಬಂತು. ಮರುವರ್ಷದ ಜನವರಿಯಲ್ಲಿ ಇನ್ನೊಂದು ಪೆಟ್ಟು ತಿಂದ ಸವಾರ್ಡ್ ಮತ್ತೆ ಆಡಲಿಲ್ಲ. 2011ರ ಮಾರ್ಚಿನಲ್ಲಿ ಕುಕ್ ನ್ಯೂಯಾರ್ಕಿನ ರಯನ್ ಮೆಕ್‌ಡೊನಾಗೆ ಮೊಣಕೈಯಿಂದ ಹೊಡೆದಾಗ ಲೀಗು ಅವನನ್ನು ಉಳಿದ 10 ಪಂದ್ಯಗಳಿಗೂ ಪ್ಲೇಆಫ್‌ನ ಮೊದಲ ಸುತ್ತಿಗೂ ಹೊರಗಿಟ್ಟಿತು. ಅವನ ಕ್ಲಬ್ಬೇ ಆ ಶಿಕ್ಷೆ ನ್ಯಾಯವಾದದ್ದೆಂದು ಬಹಿರಂಗವಾಗಿ ಒಪ್ಪಿತು. ಪಿಟ್ಸ್‌ಬರ್ಗ್ ಆ ಸುತ್ತಿನ ಏಳೂ ಪಂದ್ಯಗಳನ್ನು ಅವನಿಲ್ಲದೆ ಆಡಿ, ಸುತ್ತನ್ನು ಸೋತಿತು. ಆ ಋತುವಿನಲ್ಲಿ 129 ನಿಮಿಷ ಪೆನಾಲ್ಟಿ ಬಾಕ್ಸಿನಲ್ಲಿ ಕಳೆದಿದ್ದವನು ಮುಂದಿನ ಋತುವಿನಲ್ಲಿ 82 ಪಂದ್ಯವನ್ನೂ ಆಡಿ ಕಳೆದದ್ದು 44 ನಿಮಿಷ, ಹೊಡೆದದ್ದು 19 ಗೋಲು. 2014ರ ಪ್ಲೇಆಫ್‌ನಲ್ಲಿ ಅವನು ಟೈಸನ್ ಬ್ಯಾರಿಯ ಮೊಣಕಾಲಿಗೆ ಗುದ್ದಿ ಮತ್ತೆ ಏಳು ಪಂದ್ಯ ಹೊರಗೆ ಕೂತದ್ದೂ ನಿಜ. ಅಲ್ಲಿಯವರೆಗೆ ಮೂರು ವರ್ಷ ಅವನ ಮೇಲೆ ಒಂದು ಅಮಾನತೂ ಇರಲಿಲ್ಲ.